ಕ್ರೈಸ್ತರ ರೊಟ್ಟಿ ಮತ್ತು ದ್ರಾಕ್ಷಾರಸ



ಹೋದ ಸೋಮವಾರ ಪ್ರವಚನ ಮುಗಿದ ಮೇಲೆ ಒಬ್ಬ ತರುಣ ಎದ್ದು ನಿಂತು ಒಂದು ಪ್ರಶ್ನೆ ಕೇಳಿದ. “ಅಪ್ಪಾವರೆ, ನಮ್ಮ ಆಫೀಸಿನಲ್ಲಿ ಒಬ್ಬ ಕ್ರೈಸ್ತ ಗೆಳೆಯನಿದ್ದಾನೆ. ಬಹಳ ಒಳ್ಳೆಯವನು. ಅವರ ಚರ್ಚಿನಲ್ಲಿ ರೊಟ್ಟಿಯ ತುಣುಕು ಕೊಟ್ಟು ಅದು ಏಸುವಿನ ಶರೀರವೆನ್ನುತ್ತಾರಂತೆ. ದ್ರಾಕ್ಷಾರಸ ಕೊಟ್ಟು ಅದು ಏಸುವಿನ ರಕ್ತವೆನ್ನುತ್ತಾರಂತೆ. ನಾವು ಮಾಂಸ ಮುಟ್ಟದವರು, ಮದ್ಯ ಮುಟ್ಟದವರು. ಇದನ್ನು ಪೂಜೆ ಎಂದು ಹೇಗೆ ತಿಳಿಯಬೇಕು?” ಎಂದ. ಪ್ರಶ್ನೆ ಕೇಳಿ ಸಭೆಯಲ್ಲಿ ಕೆಲವರು ನಕ್ಕರು.

ಆ ದಿವಸ ಹೊತ್ತಾಗಿತ್ತು. ಉತ್ತರ ಹೇಳಲಿಲ್ಲ. ಇವತ್ತು ಹೇಳುತ್ತೇವೆ. ಆ ಹುಡುಗನ ಪ್ರಶ್ನೆ ನಮಗೆ ಹಿಡಿಸಿತು, ಏಕೆಂದರೆ ಅದರಲ್ಲಿ ತಿಳಿಯಬೇಕೆಂಬ ಹಂಬಲವಿತ್ತು. ನಿಮ್ಮ ನಗು ಮಾತ್ರ ಹಿಡಿಸಲಿಲ್ಲ. ನಮ್ಮ ಕರಸ್ಥಲದ ಲಿಂಗವನ್ನು ನೋಡಿ ಹೊರಗಿನವನೊಬ್ಬ ‘ಇವರು ಕಲ್ಲು ಕಟ್ಟಿಕೊಂಡು ತಿರುಗುತ್ತಾರೆ’ ಎಂದು ನಕ್ಕರೆ ನಮಗೆ ಹೇಗಾಗುತ್ತದೆ? ಲಿಂಗದ ಅರ್ಥ ಕಣ್ಣಿಗೆ ಕಾಣುವ ಕಲ್ಲಿನಲ್ಲಿ ಮುಗಿಯುವುದಿಲ್ಲ. ಹಾಗೆಯೇ ಅವರ ರೊಟ್ಟಿಯ ಅರ್ಥವೂ ಹಿಟ್ಟಿನಲ್ಲಿ ಮುಗಿಯುವುದಿಲ್ಲ. ಇನ್ನೊಬ್ಬರ ಪೂಜೆಯನ್ನು ತಿಳಿಯಬೇಕಾದರೆ ಅವರ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು.

ಮೊದಲು ಒಂದು ಮಾತನ್ನು ಗಮನಿಸಿರಿ. ನಮ್ಮ ಕನ್ನಡ ನಾಡಿನ ಕ್ಯಾಥೋಲಿಕ್ ಕ್ರೈಸ್ತರು ಆ ರೊಟ್ಟಿಗೆ ಏನೆಂದು ಕರೆಯುತ್ತಾರೆ ಗೊತ್ತೇ? ‘ಪರಮ ಪ್ರಸಾದ’ ಎಂದು ಕರೆಯುತ್ತಾರೆ. ಅವರ ಮಕ್ಕಳು ಮೊದಲ ಸಲ ಅದನ್ನು ಸ್ವೀಕರಿಸುವ ದಿನ ಬಿಳಿಯ ಬಟ್ಟೆ ತೊಡಿಸಿ, ಮನೆಯಲ್ಲಿ ಹಬ್ಬ ಮಾಡುತ್ತಾರೆ. ಪ್ರಸಾದವೆಂಬ ಮಾತು ನಮ್ಮ ಅಷ್ಟಾವರಣಗಳಲ್ಲಿ ಒಂದು. ಅದೇ ಮಾತು ಅವರ ಬಾಯಲ್ಲಿಯೂ ಇದೆ. ಮಾತು ಒಂದಾದ ಮಾತ್ರಕ್ಕೆ ತತ್ತ್ವ ಒಂದೇ ಎಂದು ನಾವು ಹೇಳುವುದಿಲ್ಲ. ಆದರೆ ನೆರೆಮನೆಯವರು ನಮ್ಮ ಮಾತಿನಲ್ಲಿಯೇ ಕರೆಯುವ ವಸ್ತುವಿನ ಬಗೆಗೆ ನಮಗೆ ಇಷ್ಟು ಅಜ್ಞಾನವಿರಬಾರದು.

ಈಗ ಮೂಲಕ್ಕೆ ಹೋಗೋಣ. ಇಂದಿಗೆ ಎರಡು ಸಾವಿರ ವರ್ಷಗಳ ಹಿಂದಿನ ಮಾತು. ಊರು ಜೆರೂಸಲೇಮು. ಯೆಹೂದ್ಯರ ಪಸ್ಕ ಹಬ್ಬದ ಕಾಲ. ಪಸ್ಕವೆಂದರೆ ಬಿಡುಗಡೆಯ ಹಬ್ಬ. ಅವರ ಪೂರ್ವಜರು ಐಗುಪ್ತ ದೇಶದಲ್ಲಿ ಜೀತದಾಳುಗಳಾಗಿದ್ದರು. ಬಿಡುಗಡೆಯ ರಾತ್ರಿ ಬಂದಾಗ ಹಿಟ್ಟು ಹುಳಿಯೇರುವಷ್ಟು ಸಮಯವೂ ಇರಲಿಲ್ಲ. ಹುಳಿಯಿಲ್ಲದ ಹಿಟ್ಟನ್ನೇ ಕಟ್ಟಿಕೊಂಡು ಹೊರಟರು. ಅದರ ನೆನಪಿಗಾಗಿ ಆ ಹಬ್ಬದಲ್ಲಿ ಹುಳಿಯಿಲ್ಲದ ರೊಟ್ಟಿ, ಕಷ್ಟದ ನೆನಪಿಗೆ ಕಹಿ ಸೊಪ್ಪು, ಬಲಿಯ ಕುರಿಮರಿ. ಅಂದರೆ ಆ ರೊಟ್ಟಿ ಮೊದಲೇ ದಾಸ್ಯದಿಂದ ಬಿಡಿಸಿಕೊಂಡವರ ರೊಟ್ಟಿಯಾಗಿತ್ತು.

ಏಸುಕ್ರಿಸ್ತರು ತಮ್ಮ ಹನ್ನೆರಡು ಜನ ಶಿಷ್ಯರೊಡನೆ ಒಂದು ಮಹಡಿಯ ಕೋಣೆಯಲ್ಲಿ ಊಟಕ್ಕೆ ಕುಳಿತರು. ಮರುದಿನ ತಮ್ಮನ್ನು ಶಿಲುಬೆಗೆ ಏರಿಸುತ್ತಾರೆಂಬುದು ಅವರಿಗೆ ತಿಳಿದಿತ್ತು. ಹಿಡಿದುಕೊಡುವವನೂ ಅದೇ ಪಂಕ್ತಿಯಲ್ಲಿ ಕುಳಿತಿದ್ದ. ಅವನನ್ನು ಅವರು ಎಬ್ಬಿಸಿ ಕಳಿಸಿ ಊಟ ಆರಂಭಿಸಲಿಲ್ಲ. ಇದನ್ನು ಮರೆಯಬೇಡಿರಿ. ಊಟದ ನಡುವೆ ಅವರು ರೊಟ್ಟಿಯನ್ನು ಕೈಗೆ ತೆಗೆದುಕೊಂಡರು, ದೇವರಿಗೆ ಕೃತಜ್ಞತೆ ಹೇಳಿದರು, ಮುರಿದರು, ಎಲ್ಲರಿಗೂ ಹಂಚಿದರು. ಅದು ತಮ್ಮ ಶರೀರವೆಂದರು. ಆಮೇಲೆ ದ್ರಾಕ್ಷಾರಸದ ಬಟ್ಟಲನ್ನು ಕೊಟ್ಟು, ಅದು ಅನೇಕರಿಗಾಗಿ ಸುರಿಯಲಿರುವ ತಮ್ಮ ರಕ್ತವೆಂದರು, ಹೊಸ ಒಡಂಬಡಿಕೆಯೆಂದರು. ತಮ್ಮ ನೆನಪಿಗಾಗಿ ಹೀಗೆ ಮಾಡುತ್ತ ಹೋಗಿರೆಂದು ಹೇಳಿದರು. ನಡೆದದ್ದು ಇಷ್ಟೇ. ತೆಗೆದುಕೊಳ್ಳುವುದು, ಸ್ಮರಿಸುವುದು, ಮುರಿಯುವುದು, ಕೊಡುವುದು ಎಂಬ ಈ ನಾಲ್ಕು ಕ್ರಿಯೆಗಳನ್ನೇ ಅವರು ಇಂದಿನವರೆಗೆ ನಡೆಸಿಕೊಂಡು ಬಂದಿದ್ದಾರೆ.

ಇಲ್ಲಿ ಆ ತರುಣನ ಸಂಶಯ ಏಳುತ್ತದೆ. ರಕ್ತವೆಂದರೇಕೆ? ಬೇರೆ ಮಾತು ಸಿಗಲಿಲ್ಲವೆ?

ಯೆಹೂದ್ಯರ ಧರ್ಮಶಾಸ್ತ್ರದಲ್ಲಿ ರಕ್ತಸೇವನೆ ಕಟ್ಟುನಿಟ್ಟಾಗಿ ನಿಷಿದ್ಧ. ಪ್ರಾಣವು ರಕ್ತದಲ್ಲಿದೆ, ಪ್ರಾಣ ದೇವರಿಗೆ ಸೇರಿದ್ದು, ಆದ್ದರಿಂದ ಮನುಷ್ಯ ಅದನ್ನು ಮುಟ್ಟಬಾರದು ಎಂಬುದು ಅವರ ನಂಬಿಕೆ. ಹೀಗಿರುವಾಗ ಏಸುಕ್ರಿಸ್ತರ ಮಾತು ಕೇಳಿ ಮೊದಲು ಬೆಚ್ಚಿದವರು ಯೆಹೂದ್ಯರೇ. ಇಂಥ ಮಾತನ್ನು ಅವರು ಮೊದಲೊಮ್ಮೆ ಆಡಿದಾಗ ಇದು ಬಹಳ ಕಠಿಣವೆಂದು ಅನೇಕ ಶಿಷ್ಯರು ಬಿಟ್ಟು ಹೋದರೆಂದು ಯೋಹಾನನ ಸುವಾರ್ತೆ ಹೇಳುತ್ತದೆ. ನಮ್ಮ ತರುಣನಿಗೆ ಬಂದ ಸಂಶಯ ಅವರ ಮೊದಲ ಶಿಷ್ಯರಿಗೇ ಬಂದಿತ್ತು.

ಆದರೆ ಆ ನಿಷೇಧದಲ್ಲಿಯೇ ಅರ್ಥ ಅಡಗಿದೆ. ರಕ್ತವೆಂದರೆ ಪ್ರಾಣ. ‘ನನ್ನ ರಕ್ತ ಕೊಡುತ್ತೇನೆ’ ಎಂದರೆ ‘ನನ್ನ ಪ್ರಾಣವನ್ನೇ ನಿಮ್ಮೊಳಗೆ ಇಡುತ್ತೇನೆ’ ಎಂದು ಅರ್ಥ. ನಮ್ಮ ಮನೆಗಳಲ್ಲಿಯೂ ತಾಯಿ ಹೇಳುವುದಿಲ್ಲವೆ, ‘ನನ್ನ ರಕ್ತ ಬಸಿದು ನಿನ್ನನ್ನು ಸಾಕಿದ್ದೇನೆ’ ಎಂದು? ಆ ಮಾತು ಕೇಳಿ ಯಾರೂ ಪಾತ್ರೆಯಲ್ಲಿ ರಕ್ತ ಹುಡುಕುವುದಿಲ್ಲ. ಆದರೆ ಅದು ಬರಿ ಅಲಂಕಾರದ ಮಾತೂ ಅಲ್ಲ. ಅವಳು ನಿಜವಾಗಿಯೂ ತನ್ನನ್ನು ಬಸಿದಿದ್ದಾಳೆ. ಇನ್ನೊಂದು ವಿಷಯ. ಕುರಿಮರಿಯ ಬಲಿ ನಡೆಯುವ ಹಬ್ಬದಲ್ಲಿ ಆ ಗುರು ಬೇರೆ ಪ್ರಾಣಿಯನ್ನು ಮುಂದೆ ತಳ್ಳಲಿಲ್ಲ, ತಾನೇ ಬಲಿಯಾದ. ಅಲ್ಲಿಂದ ಮುಂದೆ ಪಶುಬಲಿ ಬೇಡವೆಂದು ಅವರ ಶಾಸ್ತ್ರ ತೀರ್ಮಾನಿಸಿತು. ಯಜ್ಞದ ಹೆಸರಿನಲ್ಲಿ ಹೋತವನ್ನು ಕಡಿಯುವುದನ್ನು ನಮ್ಮ ಶರಣರು ಎಷ್ಟು ನೊಂದು ಖಂಡಿಸಿದರೆಂಬುದು ನಿಮಗೆ ಗೊತ್ತಿದೆ. ಆ ನೋವನ್ನು ಬಲ್ಲವರಿಗೆ ಇದೂ ತಿಳಿಯಬೇಕು.

ಅರ್ಥ ತಿಳಿಯದೆ ಅಪವಾದ ಹೊರಿಸುವುದು ಹೊಸದಲ್ಲ. ರೋಮ್ ಸಾಮ್ರಾಜ್ಯದಲ್ಲಿ ಮೊದಲ ಕಾಲದ ಕ್ರೈಸ್ತರು ನರಮಾಂಸ ತಿನ್ನುತ್ತಾರೆಂದು ಜನ ಹಬ್ಬಿಸಿದ್ದರು. ಸುಮಾರು ಕ್ರಿ.ಶ. 112ರಲ್ಲಿ ಪ್ಲಿನಿ ಎಂಬ ರೋಮನ್ ಅಧಿಕಾರಿ, ಈಗಿನ ತುರ್ಕಿಯ ಉತ್ತರಕ್ಕಿದ್ದ ಬಿಥಿನಿಯ ಪ್ರಾಂತದಲ್ಲಿ ಇವರ ವಿಚಾರಣೆ ನಡೆಸಿದ. ಕ್ರೈಸ್ತ ಸಭೆಯ ಸೇವೆ ಮಾಡುತ್ತಿದ್ದ ಇಬ್ಬರು ದಾಸಿಯರನ್ನು ಹಿಡಿದು ಹಿಂಸಿಸಿ ಬಾಯಿ ಬಿಡಿಸಿದ. ಕೊನೆಗೆ ಚಕ್ರವರ್ತಿ ಟ್ರಾಜನನಿಗೆ ಬರೆದ ಪತ್ರದಲ್ಲಿ ಏನು ಹೇಳಿದ? ಇವರು ಗೊತ್ತಾದ ದಿನ ಬೆಳಗಾಗುವ ಮುನ್ನ ಕೂಡಿ ಸ್ತೋತ್ರ ಹಾಡುತ್ತಾರೆ, ಕಳ್ಳತನ ವಂಚನೆ ಮಾಡುವುದಿಲ್ಲವೆಂದು ಪ್ರಮಾಣ ಮಾಡುತ್ತಾರೆ, ಆಮೇಲೆ ಮತ್ತೆ ಕೂಡಿ ಊಟ ಮಾಡುತ್ತಾರೆ, ಆ ಊಟ ಸಾಧಾರಣವಾದ ನಿರಪಾಯದ ಆಹಾರ ಎಂದು ಬರೆದ. ಶತ್ರುವಿನ ಲೇಖನಿಯಿಂದ ಬಂದ ಸಾಕ್ಷಿ ಇದು. ಹತ್ತೊಂಬತ್ತು ನೂರು ವರ್ಷಗಳ ಹಿಂದೆ ಒಬ್ಬ ಅಧಿಕಾರಿಗೆ ತಿಳಿದದ್ದು ನಮಗೆ ಇಂದು ತಿಳಿಯಬಾರದೆ?

ಇನ್ನು ದ್ರಾಕ್ಷಾರಸದ ಮಾತು. ಅದು ಮದ್ಯವಲ್ಲವೆ ಎಂದು ಕೇಳುತ್ತೀರಿ. ಆ ಸೀಮೆಯಲ್ಲಿ ರೊಟ್ಟಿ ಮತ್ತು ದ್ರಾಕ್ಷಾರಸ ನಿತ್ಯದ ಅನ್ನಪಾನ. ನಮ್ಮ ರೈತನಿಗೆ ಜೋಳದ ರೊಟ್ಟಿ ಮತ್ತು ಅಂಬಲಿ ಹೇಗೋ ಹಾಗೆ. ಅದಕ್ಕೆ ನೀರು ಬೆರೆಸಿ ಕುಡಿಯುವ ವಾಡಿಕೆ ಇತ್ತು. ಅಮಲಿಗಾಗಿ ಅದನ್ನು ಆರಿಸಿದ್ದಲ್ಲ, ಎಲ್ಲರ ಮನೆಯಲ್ಲಿಯೂ ಸಿಗುವ ವಸ್ತುವೆಂದು ಅದು ಆ ಊಟದಲ್ಲಿತ್ತು. ಕುಡಿತದ ಕೇಡನ್ನು ಕಂಡ ಅನೇಕ ಪ್ರಾಟೆಸ್ಟಂಟ್ ಸಭೆಗಳು ಮುಂದೆ ಹುಳಿಯದ ದ್ರಾಕ್ಷಿಯ ರಸವನ್ನೇ ಬಳಸತೊಡಗಿದವು. ಅಮೆರಿಕದಲ್ಲಿ ಥಾಮಸ್ ವೆಲ್ಚ್ ಎಂಬ ದಂತವೈದ್ಯರು 1869ರಲ್ಲಿ ದ್ರಾಕ್ಷಿಯ ರಸವನ್ನು ಕಾಯಿಸಿ, ಹುಳಿಯದಂತೆ ಶೀಸೆಯಲ್ಲಿ ಕಾಪಾಡುವ ಕ್ರಮ ಕಂಡುಹಿಡಿದದ್ದು ಚರ್ಚಿನ ಈ ಬಟ್ಟಲಿಗಾಗಿಯೇ. ಕ್ಯಾಥೋಲಿಕರು ಮಾತ್ರ ಮೂಲದಂತೆ ದ್ರಾಕ್ಷಾರಸವನ್ನೇ ಬಳಸುತ್ತಾರೆ. ಅದು ಒಂದು ಗುಟುಕಿನ ಮಾತು. ಕುಡಿತದ ಮಾತಲ್ಲ.

ಈಗ ಈ ಎರಡು ವಸ್ತುಗಳ ಒಳಗುಟ್ಟನ್ನು ನೋಡೋಣ. ತಾಯಂದಿರೆ, ಇದು ನಿಮಗೆ ಬೇಗ ತಿಳಿಯುತ್ತದೆ. ರೊಟ್ಟಿ ಹೇಗಾಗುತ್ತದೆ? ಕಾಳು ಹೊಲದಲ್ಲಿ ಬೇರೆ ಬೇರೆ ತೆನೆಯಲ್ಲಿ ಇರುತ್ತದೆ. ಕಣಕ್ಕೆ ಬಂದು ತುಳಿಸಿಕೊಳ್ಳುತ್ತದೆ, ತೂರಿಸಿಕೊಳ್ಳುತ್ತದೆ. ಬೀಸುವ ಕಲ್ಲಿನಲ್ಲಿ ನುಚ್ಚಾಗಿ ಹಿಟ್ಟಾಗುತ್ತದೆ. ನೀರು ಬಿದ್ದ ಮೇಲೆ ಒಂದನ್ನೊಂದು ಹಿಡಿದುಕೊಳ್ಳುತ್ತದೆ. ಬೆಂಕಿ ಕಂಡ ಮೇಲೆ ರೊಟ್ಟಿಯಾಗುತ್ತದೆ. ಆಗ ಈ ಕಾಳು ಯಾವ ಹೊಲದ್ದು, ಆ ಕಾಳು ಯಾವ ಹೊಲದ್ದು ಎಂದು ಯಾರಾದರೂ ಆರಿಸಿ ತೆಗೆಯಬಲ್ಲರೆ? ದ್ರಾಕ್ಷಿಯೂ ಹಾಗೆಯೇ. ಗೊಂಚಲಿನಲ್ಲಿ ಹಣ್ಣು ಬೇರೆ ಬೇರೆ. ತೊಟ್ಟಿಯಲ್ಲಿ ತುಳಿದ ಮೇಲೆ ರಸ ಒಂದೇ.

ಇದು ನಾವು ಕಟ್ಟಿದ ಉಪಮೆಯಲ್ಲ. ಕ್ರೈಸ್ತರ ಅತಿ ಹಳೆಯ ಬರಹಗಳಲ್ಲಿ ಒಂದಾದ ‘ಡಿಡಖೆ’ ಎಂಬ ಪುಸ್ತಕದಲ್ಲಿ, ಬೆಟ್ಟಗಳ ಮೇಲೆ ಚದುರಿದ್ದ ಕಾಳು ಕೂಡಿ ಈ ರೊಟ್ಟಿಯಾದಂತೆ ತಮ್ಮ ಸಮುದಾಯವೂ ಒಂದಾಗಲಿ ಎಂಬ ಪ್ರಾರ್ಥನೆ ಇದೆ. ಉತ್ತರ ಆಫ್ರಿಕದ ಹಿಪ್ಪೊ ಎಂಬ ಊರಿನಲ್ಲಿ ಅಗಸ್ಟೀನರೆಂಬ ಮಹಾ ಗುರುಗಳಿದ್ದರು. ಅವರ ಕಾಲ ಕ್ರಿ.ಶ. 354ರಿಂದ 430. ಹೊಸದಾಗಿ ದೀಕ್ಷೆ ಪಡೆದವರಿಗೆ ಅವರು ಈ ಕಾಳು ಹಿಟ್ಟು ನೀರು ಬೆಂಕಿಯ ಮಾತನ್ನೇ ಹೇಳಿ, ಪೀಠದ ಮೇಲಿರುವುದು ನಿಮ್ಮದೇ ರಹಸ್ಯ, ನೀವು ಸ್ವೀಕರಿಸುವುದೇನೋ ಅದೇ ನೀವಾಗಬೇಕು ಎಂಬ ಅರ್ಥದಲ್ಲಿ ಬೋಧಿಸಿದರು. ಸಾಮಾನ್ಯ ಊಟದಲ್ಲಿ ನಾವು ತಿಂದ ಅನ್ನ ನಮ್ಮ ದೇಹವಾಗುತ್ತದೆ. ಈ ಊಟದಲ್ಲಿ ತಿಂದವನು ಆ ಅನ್ನವೇ ಆಗಬೇಕು. ಅಂದರೆ ತಾನೂ ಮುರಿದುಕೊಂಡು ಹಂಚಿಹೋಗಬೇಕು.

ರೊಟ್ಟಿ ಶರೀರವಾಗುವುದು ಹೇಗೆ ಎಂಬ ತರ್ಕವನ್ನು ಅವರಲ್ಲಿಯೂ ಬಹಳ ಮಾಡಿದ್ದಾರೆ. ಅದನ್ನು ಸಂಕ್ಷೇಪವಾಗಿ ಹೇಳಿ ಮುಂದೆ ಹೋಗುತ್ತೇವೆ. ರೂಪ ರುಚಿ ರೊಟ್ಟಿಯದೇ ಆಗಿ ಉಳಿದರೂ ಒಳಗಿನ ವಸ್ತುತತ್ತ್ವವು ಕ್ರಿಸ್ತನ ಶರೀರವಾಗಿ ಬದಲಾಗುತ್ತದೆಂದು ಕ್ಯಾಥೋಲಿಕರ ಸಿದ್ಧಾಂತ. 1215ರ ಲ್ಯಾಟರನ್ ಮಹಾಸಭೆ ಇದನ್ನು ಸಾರಿತು. ರೊಟ್ಟಿ ರೊಟ್ಟಿಯಾಗಿಯೇ ಇರುತ್ತದೆ, ಆದರೂ ಕ್ರಿಸ್ತನು ಅದರೊಡನೆ ನಿಜವಾಗಿ ಇರುತ್ತಾನೆಂದು ಲೂಥರರು ಹೇಳಿದರು. ಅದು ಕುರುಹು, ಸ್ಮರಣೆ ಎಂದು ಸ್ವಿಟ್ಜರ್ಲೆಂಡಿನ ಜ್ವಿಂಗ್ಲಿಯವರು ಹೇಳಿದರು. 1529ರಲ್ಲಿ ಜರ್ಮನಿಯ ಮಾರ್ಬುರ್ಗ್ ಎಂಬಲ್ಲಿ ಇವರಿಬ್ಬರೂ ಎದುರುಬದುರು ಕುಳಿತರು. ಲೂಥರರು ಸುಣ್ಣದ ಕಡ್ಡಿಯಿಂದ ಮೇಜಿನ ಮೇಲೆ ಏಸುಕ್ರಿಸ್ತರ ಮಾತನ್ನು ಬರೆದಿಟ್ಟು ಅದರಿಂದ ಕದಲಲಿಲ್ಲ. 15 ವಿಷಯಗಳಲ್ಲಿ 14ಕ್ಕೆ ಒಪ್ಪಿಗೆಯಾಯಿತು. ಈ ರೊಟ್ಟಿಯ ವಿಷಯದಲ್ಲಿ ಪೂರ್ಣ ಒಪ್ಪಿಗೆ ಆಗಲಿಲ್ಲ. ಒಂದಾಗುವುದಕ್ಕಾಗಿ ಕೊಟ್ಟ ರೊಟ್ಟಿಯ ಬಗೆಗೇ ವಾದ ಮಾಡಿ ಬೇರೆಯಾದರು! ನಗಬೇಡಿರಿ. ಪಾದೋದಕದ ಬಗೆ, ಪ್ರಸಾದದ ಬಗೆ, ಪೀಠದ ಬಗೆ ನಮ್ಮಲ್ಲಿ ನಡೆದ ವಾದಗಳು ಎಷ್ಟೆಂದು ಲೆಕ್ಕ ಹಾಕಿಕೊಳ್ಳಿರಿ.

ಈಗ ಮುಖ್ಯ ಮಾತಿಗೆ ಬರುತ್ತೇವೆ. ಗ್ರೀಸ್ ದೇಶದಲ್ಲಿ ಕೊರಿಂಥ ಎಂಬ ರೇವುಪಟ್ಟಣ. ಏಸುಕ್ರಿಸ್ತರು ಹೋಗಿ ಇಪ್ಪತ್ತು ಇಪ್ಪತ್ತೈದು ವರ್ಷಗಳಾಗಿದ್ದವು. ಅಲ್ಲಿಯ ಕ್ರೈಸ್ತರು ಸಂಜೆ ಒಂದು ಮನೆಯಲ್ಲಿ ಕೂಡಿ ಊಟ ಮಾಡಿ, ಆ ಊಟದಲ್ಲಿಯೇ ರೊಟ್ಟಿ ಮುರಿದು ಬಟ್ಟಲನ್ನು ಹಂಚುತ್ತಿದ್ದರು. ಆದರೆ ಏನಾಯಿತು? ಅನುಕೂಲಸ್ಥರು ಬೇಗ ಬಂದು, ತಾವು ತಂದದ್ದನ್ನು ತಾವೇ ಉಂಡು ಕುಡಿದು ಮುಗಿಸಿಬಿಡುತ್ತಿದ್ದರು. ಇಲ್ಲದವರು ಬಂದು ನೋಡಿದರೆ ಪಾತ್ರೆ ಬರಿದು. ಒಬ್ಬ ಹಸಿದಿದ್ದಾನೆ, ಒಬ್ಬ ಅಮಲೇರಿ ಕುಳಿತಿದ್ದಾನೆ. ಆದರೂ ಕೊನೆಗೆ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿ ಪವಿತ್ರ ರೊಟ್ಟಿ ಸ್ವೀಕರಿಸುತ್ತಿದ್ದರು.

ಈ ಸುದ್ದಿ ಸಂತ ಪೌಲರ ಕಿವಿಗೆ ಬಿತ್ತು. ಅವರು ಪತ್ರ ಬರೆದರು. ಮಂತ್ರ ತಪ್ಪಿತೆಂದು ಬರೆಯಲಿಲ್ಲ, ಮಡಿ ಕೆಟ್ಟಿತೆಂದು ಬರೆಯಲಿಲ್ಲ. ಇಲ್ಲದವರನ್ನು ನಾಚಿಸಿ ನೀವು ಉಣ್ಣುವ ಊಟ ಸ್ವಾಮಿಯ ಊಟವೇ ಅಲ್ಲ ಎಂದು ಖಡಾಖಂಡಿತವಾಗಿ ಬರೆದರು. ಪಕ್ಕದವನನ್ನು ಸ್ವಾಮಿಯ ಶರೀರವೆಂದು ಕಾಣದೆ ಉಂಡರೆ ಆ ರೊಟ್ಟಿ ವರವಾಗದೆ ಶಿಕ್ಷೆಯಾಗುತ್ತದೆ ಎಂಬ ಅರ್ಥದಲ್ಲಿ ಎಚ್ಚರಿಕೆ ಕೊಟ್ಟರು. ರೊಟ್ಟಿ ಒಂದಾದ್ದರಿಂದ ಅದನ್ನು ಉಂಡವರೆಲ್ಲ ಒಂದೇ ದೇಹವೆಂಬುದು ಅವರ ಉಪದೇಶ. ಹಾಗಾದರೆ ಆ ಶರೀರ ಎಲ್ಲಿದೆ? ತಟ್ಟೆಯಲ್ಲಿಯೂ ಇದೆ, ತಟ್ಟೆಯ ಮುಂದೆ ಕುಳಿತವರಲ್ಲಿಯೂ ಇದೆ. ತಟ್ಟೆಯಲ್ಲಿ ಕಂಡು ಪಂಕ್ತಿಯಲ್ಲಿ ಕಾಣದಿದ್ದರೆ ಕಂಡದ್ದು ಸುಳ್ಳು.

ಈ ಮಾತನ್ನು ಹಿಡಿದು ನಡೆದವರೂ ಇದ್ದರು. ಸುಮಾರು 155ರಲ್ಲಿ ರೋಮ್ ನಗರದಲ್ಲಿ ಜಸ್ಟಿನ್ ಎಂಬ ವಿದ್ವಾಂಸರು ತಮ್ಮವರ ಭಾನುವಾರದ ಪೂಜೆಯನ್ನು ಚಕ್ರವರ್ತಿಗೆ ವಿವರಿಸಿ ಬರೆದಿದ್ದಾರೆ. ಸ್ತುತಿಯಾದ ಮೇಲೆ ಎಲ್ಲರಿಗೂ ರೊಟ್ಟಿ, ನೀರು ಬೆರೆಸಿದ ದ್ರಾಕ್ಷಾರಸ ಕೊಡುತ್ತಿದ್ದರು. ಬರಲಾಗದವರಿಗೆ ಸೇವಕರು ಮನೆಗೆ ಒಯ್ದು ಮುಟ್ಟಿಸುತ್ತಿದ್ದರು. ಉಳ್ಳವರು ಇಚ್ಛೆಯಿಂದ ಕೊಟ್ಟದ್ದನ್ನು ಕೂಡಿಸಿ ಅನಾಥರಿಗೆ, ವಿಧವೆಯರಿಗೆ, ರೋಗಿಗಳಿಗೆ, ಸೆರೆಯಲ್ಲಿದ್ದವರಿಗೆ, ಪರಊರಿನಿಂದ ಬಂದವರಿಗೆ ಹಂಚುತ್ತಿದ್ದರು. ನಮ್ಮವರು ಇದಕ್ಕೆ ಏನೆನ್ನುತ್ತಾರೆ? ದಾಸೋಹವೆನ್ನುತ್ತಾರೆ. ಹೀಗೆ ಬರೆದ ಜಸ್ಟಿನರನ್ನು ಹತ್ತು ವರ್ಷಗಳ ನಂತರ ರೋಮನರು ಕೊಂದರು.

ನಡೆಯದೆ ಎಡವಿದವರೂ ಇದ್ದರು. ನಡುಗಾಲದ ಯೂರೋಪಿನಲ್ಲಿ ಭಕ್ತರಿಗೆ ರೊಟ್ಟಿ ಮಾತ್ರ, ಬಟ್ಟಲು ಗುರುಗಳಿಗೆ ಮಾತ್ರ ಎಂಬ ವಾಡಿಕೆ ಬಂತು. ಬೊಹೀಮಿಯದ ಜನ ಇದನ್ನು ಪ್ರಶ್ನಿಸಿದರು. ಅಲ್ಲಿಯ ಗುರು ಯಾನ್ ಹುಸ್‌ರನ್ನು 1415ರ ಜುಲೈ 6ರಂದು ಧರ್ಮವಿರೋಧಿಯೆಂದು ಜೀವಂತ ಸುಟ್ಟರು. ಅವರ ಅನುಯಾಯಿಗಳು ಬಟ್ಟಲಿನ ಚಿತ್ರವನ್ನೇ ತಮ್ಮ ಗುರುತು ಮಾಡಿಕೊಂಡು, ಗುರುವಿಗೂ ಭಕ್ತನಿಗೂ ಬಟ್ಟಲು ಒಂದೇ ಎಂದು ವರ್ಷಾನುಗಟ್ಟಲೆ ಹೋರಾಡಿದರು. ರೋಮಿನ ಸಭೆ ಭಕ್ತರಿಗೂ ಬಟ್ಟಲು ಕೊಡಲು ಮತ್ತೆ ಅವಕಾಶ ತೆರೆದದ್ದು 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ಕಾಲದಲ್ಲಿ. ಆ ಕಾಲದಲ್ಲಿಯೇ ಲ್ಯಾಟಿನ್ ಬದಲು ಜನರ ನುಡಿಯಲ್ಲಿ ಪೂಜೆ ನಡೆಸಲು ಒಪ್ಪಿಗೆಯಾಯಿತು.

ನಮ್ಮ ದೇಶಕ್ಕೆ ಬಂದ ಮೇಲೆ ಆ ರೊಟ್ಟಿಗೆ ಇನ್ನೊಂದು ಪರೀಕ್ಷೆ ಕಾದಿತ್ತು. ಅದು ಜಾತಿ. ದಕ್ಷಿಣದ ತಂಜಾವೂರು, ಮದರಾಸುಗಳ ಕೆಲವು ಚರ್ಚುಗಳಲ್ಲಿ ಮೇಲಿನ ಜಾತಿಯಿಂದ ಬಂದ ಕ್ರೈಸ್ತರು ಒಂದು ಕಡೆ, ಕೆಳಗಿನವರೆನಿಸಿಕೊಂಡವರು ಇನ್ನೊಂದು ಕಡೆ ಕುಳಿತುಕೊಳ್ಳುತ್ತಿದ್ದರು. ಬಟ್ಟಲಿಗೂ ಮೊದಲು ಅವರು, ಆಮೇಲೆ ಇವರು. ಕಲ್ಕತ್ತದ ಬಿಷಪ್ ಡೇನಿಯಲ್ ವಿಲ್ಸನ್ನರು 1833ರಲ್ಲಿ ಪತ್ರ ಬರೆದು, ಸಭೆಯೊಳಗಿನ ಜಾತಿಭೇದವನ್ನು ತಡಮಾಡದೆ ಬಿಡಬೇಕೆಂದು ಆಜ್ಞೆ ಮಾಡಿದರು. ಆಗ ಅನೇಕರು ಏನು ಮಾಡಿದರು? ಜಾತಿಯನ್ನು ಬಿಡಲಿಲ್ಲ, ಚರ್ಚನ್ನೇ ಬಿಟ್ಟರು. ಒಂದೇ ದೇಹವೆಂದು ಹೇಳಿ ಕೊಟ್ಟ ರೊಟ್ಟಿ ಗಂಟಲಲ್ಲಿ ಇಳಿಯಿತು, ಜಾತಿ ಇಳಿಯಲಿಲ್ಲ. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಹಲವು ಪ್ರಾಟೆಸ್ಟಂಟ್ ಪಂಗಡಗಳು ಕೂಡಿ ದಕ್ಷಿಣ ಭಾರತ ಸಭೆ ಎಂಬ ಒಂದೇ ಸಭೆಯಾದವು. ಪಂಗಡಗಳ ಗೋಡೆ ಅಷ್ಟರ ಮಟ್ಟಿಗೆ ಬಿತ್ತು. ಜಾತಿಯ ಗೋಡೆ ಇನ್ನೂ ಪೂರ್ಣ ಬಿದ್ದಿಲ್ಲವೆಂದು ಅವರಲ್ಲಿಯ ವಿಚಾರವಂತರೇ ನೊಂದು ಹೇಳುತ್ತಾರೆ.

ಬಂಧುಗಳೆ, ಇಷ್ಟು ಕೇಳಿದ ಮೇಲೆ ‘ಅವರದೂ ಪ್ರಸಾದ, ನಮ್ಮದೂ ಪ್ರಸಾದ, ಎಲ್ಲವೂ ಒಂದೇ’ ಎಂದು ಹೇಳಿ ಎದ್ದು ಹೋಗಬೇಡಿರಿ. ಭೇದವಿದೆ, ಅದನ್ನು ಪ್ರಾಮಾಣಿಕವಾಗಿ ತಿಳಿಯಬೇಕು. ನಮ್ಮಲ್ಲಿ ಭಕ್ತನು ತನ್ನ ಕಾಯಕದಿಂದ ಬಂದ ಪದಾರ್ಥವನ್ನು ಲಿಂಗಕ್ಕೆ ಅರ್ಪಿಸುತ್ತಾನೆ, ಅದು ಪ್ರಸಾದವಾಗಿ ಮರಳಿ ಬರುತ್ತದೆ. ಅವರಲ್ಲಿಯೂ ಕಾಣಿಕೆಯಿದೆ, ಆದರೆ ಮುಖ್ಯವಾದದ್ದು ದೇವರೇ ತನ್ನನ್ನು ಮನುಷ್ಯನಿಗೆ ಅರ್ಪಿಸಿಕೊಂಡನೆಂಬ ನಂಬಿಕೆ. ಅವರಿಗೆ ಅದು ಚರಿತ್ರೆಯ ಒಂದು ರಾತ್ರಿಯ, ಒಂದು ಮರಣದ ಸ್ಮರಣೆ. ನಮಗೆ ಪ್ರಸಾದ ನಿತ್ಯದ ಪ್ರತಿ ತುತ್ತಿಗೂ ಸೇರಿದ್ದು. ಎರಡಕ್ಕೂ ಅದರದರ ಗೌರವವಿದೆ.

ಇನ್ನೊಂದು ಭೇದವನ್ನು ಕೇಳಿರಿ. ಅದು ನಮ್ಮಂಥ ಮಠದವರಿಗೇ ಹೇಳಿದಂತಿದೆ. ನಮ್ಮಲ್ಲಿ ಶಿಷ್ಯನು ಗುರುವಿನ ಪಾದ ತೊಳೆದು ಪಾದೋದಕ ಸ್ವೀಕರಿಸುತ್ತಾನೆ. ಯೋಹಾನನ ಸುವಾರ್ತೆಯಲ್ಲಿ ಆ ಕೊನೆಯ ಊಟದ ರಾತ್ರಿಯ ಕಥೆ ಬರುತ್ತದೆ. ವಿಚಿತ್ರವೆಂದರೆ, ಅಲ್ಲಿ ರೊಟ್ಟಿ ಬಟ್ಟಲುಗಳನ್ನು ಕೊಟ್ಟ ಮಾತಿಲ್ಲ. ಅದರ ಸ್ಥಾನದಲ್ಲಿ ಗುರುವೇ ಎದ್ದು, ಸೊಂಟಕ್ಕೆ ವಸ್ತ್ರ ಕಟ್ಟಿಕೊಂಡು, ಬೋಗುಣಿಯಲ್ಲಿ ನೀರು ತುಂಬಿ ಶಿಷ್ಯರ ಪಾದ ತೊಳೆದನೆಂದಿದೆ. ಪೇತ್ರನೆಂಬ ಶಿಷ್ಯ ಕಾಲು ಹಿಂದಕ್ಕೆ ಎಳೆದುಕೊಂಡ. ತೊಳೆಯಗೊಡದಿದ್ದರೆ ನಿನಗೂ ನನಗೂ ಪಾಲಿಲ್ಲವೆಂದು ಗುರು ಹೇಳಿದ. ಹಿಡಿದುಕೊಡುವವನ ಪಾದವೂ ಅವುಗಳಲ್ಲಿತ್ತು. ರೊಟ್ಟಿಯ ಅರ್ಥವನ್ನು ಬೇರೆ ಸುವಾರ್ತೆಗಳು ರೊಟ್ಟಿಯಿಂದ ಹೇಳಿದರೆ ಯೋಹಾನನು ನೀರಿನಿಂದ ಹೇಳಿದನೆಂದು ನಮಗೆ ತೋರುತ್ತದೆ. ಪಾದ ಚಾಚಿ ಕೂಡುವ ನಮ್ಮಂಥವರು ಇದನ್ನು ಓದಿದಾಗ ಪಾದ ತಾನಾಗಿಯೇ ಒಳಗೆ ಸರಿಯುತ್ತದೆ.

ಕಡೆಗೆ ನಮ್ಮದೇ ಒಂದು ಮಾತು ಹೇಳಬೇಕು. ಇದನ್ನು ಹೇಳಬೇಕೋ ಬೇಡವೋ ಎಂದು ಯೋಚಿಸಿದೆವು. ಅವರಿವರ ತಪ್ಪು ಹೇಳಿ ನಮ್ಮದನ್ನು ಮುಚ್ಚಿಟ್ಟರೆ ಈ ಪ್ರವಚನಕ್ಕೆ ಅರ್ಥವಿಲ್ಲ.

ಒಂದು ಊರಿನ ಜಾತ್ರೆಗೆ ನಾವು ಮೂರು ವರ್ಷ ಸತತವಾಗಿ ಹೋಗಿದ್ದೆವು. ಊರಿನ ಹೆಸರು ಬೇಡ. ದೊಡ್ಡ ಹಂದರ, ದೊಡ್ಡ ದಾಸೋಹ. ಗೋದಿ ಹುಗ್ಗಿ, ಬದನೆಕಾಯಿ ಪಲ್ಯ. ಪ್ರತಿ ವರ್ಷ ಪ್ರಸಾದ ಸ್ವೀಕರಿಸಿ, ದಾಸೋಹದ ಮಹಿಮೆಯನ್ನು ಒಂದು ತಾಸು ಹೇಳಿ ಬರುತ್ತಿದ್ದೆವು. ಮೂರನೆಯ ವರ್ಷ ಕೈ ತೊಳೆಯಲೆಂದು ಹಂದರದ ಹಿಂದೆ ಹೋದಾಗ, ದನದ ಕೊಟ್ಟಿಗೆಯ ಆಚೆ ಇನ್ನೊಂದು ಸಾಲು ಕುಳಿತದ್ದು ಕಂಡಿತು. ಹೆಂಗಸರು, ಮಕ್ಕಳು, ಮುದುಕರು. ಅದೇ ಹುಗ್ಗಿ, ಅದೇ ಪಲ್ಯ. ಬಿಸಿಲು ಮಾತ್ರ ಅವರ ಪಾಲಿಗೆ. “ಇವರು ಯಾರು?” ಎಂದು ಹಿರಿಯರೊಬ್ಬರನ್ನು ಕೇಳಿದೆವು. “ಅವರು ಮೊದಲಿನಿಂದಲೂ ಅಲ್ಲೇ ಕೂಡತಾರ್ರಿ ಅಪ್ಪಾರ. ಅವರಿಗೇನೂ ಬ್ಯಾಸರಿಲ್ಲ” ಎಂದರು. ನಾವು ಆಗಲೇ ಉಂಡಾಗಿತ್ತು. ಎರಡು ವರ್ಷ ಆ ಸಾಲು ಅಲ್ಲಿಯೇ ಇದ್ದರೂ ನಮ್ಮ ಕಣ್ಣಿಗೆ ಬೀಳಲಿಲ್ಲ, ಏಕೆಂದರೆ ನಾವು ತಟ್ಟೆಯನ್ನು ನೋಡುತ್ತಿದ್ದೆವು, ಪಂಕ್ತಿಯನ್ನು ನೋಡಲಿಲ್ಲ. ಆ ದಿನ ನಾವು ಏನೂ ಮಾತಾಡದೆ ಬಂದೆವು. ಆ ಮೌನ ನಮ್ಮ ತಪ್ಪು.

ಅಸ್ಪೃಶ್ಯರೆನಿಸಿದ ಶರಣರ ಮನೆಯಲ್ಲಿ ಬಸವಣ್ಣನವರು ಪ್ರಸಾದ ಸ್ವೀಕರಿಸಿದರೆಂದು ಬಿಜ್ಜಳನ ಆಸ್ಥಾನಕ್ಕೆ ದೂರು ಹೋಯಿತೆಂದು ನಮ್ಮ ಪುರಾಣಗಳು ಹೇಳುತ್ತವೆ. ಅಂಥ ದೂರು ನಮ್ಮ ಮೇಲೆ ಒಂದೂ ಬಂದಿಲ್ಲ. ದೂರು ಬರುವಂಥದ್ದನ್ನು ನಾವು ಮಾಡಿಯೇ ಇರಲಿಲ್ಲ.

ಮರುವರ್ಷ ಮೊದಲೇ ಹೇಳಿ ಕಳಿಸಿದೆವು. ಎರಡು ಸಾಲಿದ್ದರೆ ನಾವು ಹಿಂದಿನ ಸಾಲಿನಲ್ಲಿ ಕೂಡುತ್ತೇವೆ, ನಮಗೆ ಮಣೆ ಅಲ್ಲಿಯೇ ಹಾಕಿರಿ ಎಂದು. ಊರವರು ವಿಚಾರ ಮಾಡಿ ಒಂದೇ ಸಾಲು ಮಾಡಿದರು. ಅದು ಸಂತೋಷ. ಆದರೆ ಕೆಲವು ಮನೆಯವರು ಆ ವರ್ಷ ಊಟಕ್ಕೆ ಬರಲಿಲ್ಲ. ಅವರಲ್ಲಿ ನಾಲ್ಕು ಮನೆಯವರು ಈ ವರ್ಷವೂ ಬರಲಿಲ್ಲ. ಅವರ ಮೇಲೆ ನಮಗೆ ಸಿಟ್ಟಿಲ್ಲ. ಅವರ ಮನೆಗಳಿಗೆ ನಾವೇ ಹೋಗಿ ಕರೆಯುತ್ತೇವೆ. ತಂಜಾವೂರಿನಲ್ಲಿ ಚರ್ಚು ಬಿಟ್ಟವರ ಕಥೆ ಓದಿದಾಗ ನಮಗೆ ಈ ನಾಲ್ಕು ಮನೆಗಳು ನೆನಪಾದವು. ಕಾಯಿಲೆ ಅವರದೂ ನಮ್ಮದೂ ಒಂದೇ ಎಂದು ಆಗ ತಿಳಿಯಿತು.

ಏಸುಕ್ರಿಸ್ತರು ಶಿಲುಬೆಯ ಮೇಲೆ ಪ್ರಾಣ ಬಿಟ್ಟ ಮೂರನೆಯ ದಿನದ ಒಂದು ಕಥೆಯನ್ನು ಲೂಕನು ಬರೆದಿದ್ದಾನೆ. ಇಬ್ಬರು ಶಿಷ್ಯರು ದುಃಖದಿಂದ ಎಮ್ಮಾವು ಎಂಬ ಹಳ್ಳಿಗೆ ನಡೆದು ಹೊರಟಿದ್ದರು. ದಾರಿಯಲ್ಲಿ ಒಬ್ಬ ಅಪರಿಚಿತ ಜೊತೆಯಾದ. ದಾರಿಯುದ್ದಕ್ಕೂ ಶಾಸ್ತ್ರದ ಅರ್ಥ ಹೇಳಿದ. ಆದರೂ ಅವನು ಯಾರೆಂದು ಇವರು ಗುರುತಿಸಲಿಲ್ಲ. ಹೊತ್ತು ಮುಳುಗಿತು, ಇಲ್ಲಿಯೇ ಉಳಿದುಕೊಳ್ಳಿರೆಂದು ಒತ್ತಾಯ ಮಾಡಿ ಊಟಕ್ಕೆ ಕರೆದರು. ಅವನು ರೊಟ್ಟಿ ತೆಗೆದುಕೊಂಡು ಮುರಿದಾಗ ಕಣ್ಣು ತೆರೆಯಿತು. ಇವನೇ ನಮ್ಮ ಗುರುವೆಂದು ಆಗ ತಿಳಿಯಿತು. ಶಾಸ್ತ್ರ ಕೇಳುವಾಗ ಗುರುತು ಸಿಗಲಿಲ್ಲ, ಊಟಕ್ಕೆ ಕರೆದಾಗ ಸಿಕ್ಕಿತು. ಹೊತ್ತು ಮುಳುಗಿದ ಮೇಲೆ ಬಾಗಿಲಿಗೆ ಬಂದ ಅಪರಿಚಿತನಲ್ಲಿ ಜಂಗಮನನ್ನು ಕಾಣಬೇಕೆಂದು ನಿಮಗೆ ಬೇರೆ ಹೇಳಬೇಕಾಗಿಲ್ಲ.

ಪ್ರಶ್ನೆ ಕೇಳಿದ ತಮ್ಮನಿಗೆ ಇಷ್ಟು ಹೇಳುತ್ತೇವೆ. ನಿನ್ನ ಗೆಳೆಯ ರೊಟ್ಟಿ ಸ್ವೀಕರಿಸಿ ಬಂದ ದಿನ ಅವನನ್ನು ಕೆಣಕಬೇಡ. ಅದು ಅವನಿಗೆ ಪ್ರಾಣಕೊಟ್ಟ ಗುರುವಿನ ನೆನಪು. ಅವನನ್ನು ಒಂದು ದಿನ ಮನೆಗೆ ಕರೆ. ನಿನ್ನ ತಾಯಿ ಬಡಿದ ರೊಟ್ಟಿಯನ್ನು ಅವನ ಜೊತೆ ಒಂದೇ ಸಾಲಿನಲ್ಲಿ ಕುಳಿತು ಉಣ್ಣು. ನಾವು ಈ ಒಂದು ತಾಸಿನಲ್ಲಿ ಹೇಳಲಾಗದೆ ಉಳಿದದ್ದು ಅಲ್ಲಿ ತಿಳಿಯುತ್ತದೆ.

ಈಗ ಎಲ್ಲರೂ ಪ್ರಸಾದಕ್ಕೆ ನಡೆಯಿರಿ. ಕುಳಿತುಕೊಳ್ಳುವ ಮುನ್ನ ಎಡಕ್ಕೆ ಬಲಕ್ಕೆ ಒಮ್ಮೆ ನೋಡಿರಿ. ಹಂದರದ ಹಿಂದೆ ಯಾರಾದರೂ ನಿಂತಿದ್ದಾರೋ ಅದನ್ನೂ ನೋಡಿರಿ. ಇದ್ದರೆ ಕರೆದುಕೊಂಡು ಬನ್ನಿರಿ. ಅವರು ಬಂದ ಮೇಲೆಯೇ ನಾವು ಕೂಡುತ್ತೇವೆ.